ಜಾತ್ರೆಯ ರಾತ್ರಿಗೆ ನಮ್ಮ ಸಂಘದ ತಯಾರಿ ಏನು?

ಕರಿಘಟ್ಟದ ಶ್ರೀನಿವಾಸನ ಜಾತ್ರೆ ಬಂತೆಂದರೆ ಶ್ರೀರಂಗಪಟ್ಟಣದ ಸುತ್ತಿನ ಊರುಗಳ ಹೆಂಗಸರಿಗೆ ಎರಡು ಲೆಕ್ಕ ಶುರುವಾಗುತ್ತದೆ. ಒಂದು ಎಲ್ಲರಿಗೂ ಗೊತ್ತಿರುವ ಲೆಕ್ಕ: ಹಣ್ಣುಕಾಯಿ, ಮಕ್ಕಳ ಬಟ್ಟೆ, ಬರುವ ನೆಂಟರಿಷ್ಟರು, ಬೆಂಡು-ಬತ್ತಾಸು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯ ಗಂಡಸು ಎಷ್ಟು ಹೊತ್ತಿಗೆ ಬರುತ್ತಾನೆ? ಬರುತ್ತಾನೋ ಇಲ್ಲವೋ? ಬಂದರೆ ಯಾವ ಸ್ಥಿತಿಯಲ್ಲಿ ಬರುತ್ತಾನೆ?

ಇದು ಕರಿಘಟ್ಟವೊಂದರ ಮಾತಲ್ಲ. ಬೆಟ್ಟದ ಮೇಲಿನ ದೇವರಿಗೂ ಕುಡಿತಕ್ಕೂ ಏನೇನೂ ಸಂಬಂಧವಿಲ್ಲ. ಆದರೆ ಜನ ಸೇರುವ ಕಡೆ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಜೊತೆಗಾರರು ಸಿಗುತ್ತಾರೆ, ಕೆಲಸಕ್ಕೆ ರಜ ಇರುತ್ತದೆ. ನಮ್ಮ ಸೀಮೆಯ ಹಬ್ಬಗಳನ್ನೇ ಒಂದೊಂದಾಗಿ ನೆನೆದು ನೋಡಿ. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅಂದು ಬಾಡೂಟ, ಇಸ್ಪೀಟು, ಅದರ ಜೊತೆಗೆ ಬಾಟಲಿ. ಪಿತೃಪಕ್ಷದಲ್ಲಿ ಹಿರಿಯರ ಎಡೆಗೆ ಮುದ್ದೆ, ಸಾರು, ಬೀಡಿಯ ಜೊತೆ ಒಂದು ಕ್ವಾಟ್ರು ಇಡುವ ಮನೆಗಳು ಎಷ್ಟಿಲ್ಲ? ಹಿರಿಯರು ಅದನ್ನು ಮುಟ್ಟುವುದಿಲ್ಲ ಎಂಬುದು ಗೊತ್ತೇ ಇದೆ. ಮಾರಿಹಬ್ಬ, ಗಣೇಶನ ವಿಸರ್ಜನೆ, ಬೀಗರ ಊಟ. ಹೊಸ ವರ್ಷದ ಹೊತ್ತಿಗಂತೂ ಬಲಮುರಿ, ಎಡಮುರಿಯ ನೀರಿನ ಕಡೆಗೆ ಯಾರೂ ಹೋಗದಂತೆ ಜಿಲ್ಲಾಡಳಿತವೇ ನಿರ್ಬಂಧ ಹಾಕುವ ಮಟ್ಟಕ್ಕೆ ಬಂದಿದೆ.

ಬೀಗರ ಊಟದ ವಿಷಯ ಬಂದಿದ್ದರಿಂದ ಒಂದು ಮಾತು. ವರದಕ್ಷಿಣೆಯನ್ನು ನಾವು ಚಿನ್ನ, ಬೈಕು, ಸೈಟು ಎಂದೇ ಎಣಿಸುತ್ತೇವೆ. ಗಂಡಿನ ಕಡೆಯವರಿಗೆ ಕುಡಿಸುವ ಖರ್ಚನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ. ಹೊಸ ಅಳಿಯ ಹಬ್ಬಕ್ಕೆ ಬಂದರೆ ಭಾವಮೈದನೇ ಕರೆದುಕೊಂಡು ಹೋಗಿ ಕುಡಿಸಬೇಕು, ಕಡಿಮೆ ದರದ್ದು ಕೊಡಿಸಿದರೆ ಅದರ ಹಂಗಣೆಯ ಮಾತು ವರ್ಷವಿಡೀ ಹೆಣ್ಣಿನ ಕಿವಿಗೆ ಬೀಳಬೇಕು. ಇದೂ ವರೋಪಚಾರವೇ, ಬಾಟಲಿಯಲ್ಲಿ ತುಂಬಿದ ವರದಕ್ಷಿಣೆ. ನಮ್ಮ ಸಂಘದ ಸಾಲ ತೆಗೆದು ಇದಕ್ಕೆ ಖರ್ಚು ಮಾಡಿದ ಅಪ್ಪಂದಿರೂ ಇದ್ದಾರೆ.

ಇತ್ತೀಚೆಗೆ ಇದರ ಜೊತೆಗೆ ಬೇರೆಯವೂ ಸೇರಿಕೊಂಡಿವೆ. ಗಾಂಜಾ ನಮ್ಮ ಕಡೆಗೆ ಹೊಸದಲ್ಲ; ಸಾಧು ಸನ್ಯಾಸಿಗಳ ಚಿಲುಮೆಯಲ್ಲಿ ಇದ್ದದ್ದು ಈಗ ಕಾಲೇಜು ಹುಡುಗರ ಬೀಡಿಗೆ ಬಂದಿದೆ. ನೋವಿನ ಮಾತ್ರೆ, ನಿದ್ದೆಯ ಮಾತ್ರೆಗಳನ್ನು ಮತ್ತಿಗಾಗಿ ನುಂಗುವವರು ಇದ್ದಾರೆ. 2025ರ ಜುಲೈನಲ್ಲಿ ಮುಂಬಯಿ ಪೊಲೀಸರು ಇಲ್ಲಿಂದ ಕೂಗಳತೆಯ ದೂರದಲ್ಲಿರುವ ಮೈಸೂರಿನಲ್ಲಿಯೇ ಮಾದಕ ಪುಡಿ ತಯಾರಿಸುತ್ತಿದ್ದ ಜಾಗವನ್ನು ಪತ್ತೆ ಮಾಡಿದರು. "ಅದೆಲ್ಲ ಬೆಂಗಳೂರಿನ ಶ್ರೀಮಂತರ ಮಕ್ಕಳ ಕಾಯಿಲೆ" ಎಂದು ನಾವು ಇನ್ನು ಹೇಳುವಂತಿಲ್ಲ.

ಸರಿ, ನಾವೇನು ಮಾಡುತ್ತಾ ಬಂದಿದ್ದೇವೆ? ಮದ್ಯದಂಗಡಿ ಮುಚ್ಚಿಸಿ ಎಂದು ಧರಣಿ ಕೂತಿದ್ದೇವೆ, ಮನವಿ ಕೊಟ್ಟಿದ್ದೇವೆ, ಪೆಟ್ಟಿಗೆ ಅಂಗಡಿಗಳಲ್ಲಿ ಕದ್ದು ಮಾರುವುದನ್ನು ಹಿಡಿದುಕೊಟ್ಟಿದ್ದೇವೆ. ಆ ಹೋರಾಟದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟೆಯ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತದ್ದರಿಂದ ಮರುವರ್ಷ ಅಲ್ಲಿನ ಸರ್ಕಾರ ಸಾರಾಯಿ ನಿಲ್ಲಿಸಬೇಕಾಯಿತು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅವರ ಕಾಲಿನ ಬೊಬ್ಬೆಗಳ ಬೆಲೆಯನ್ನು ಯಾರೂ ಕಡಿಮೆ ಮಾಡಬಾರದು.

ಆದರೆ ನಿಷೇಧದ ಚರಿತ್ರೆಯನ್ನು ಪೂರ್ತಿ ಓದಬೇಕು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪಾಕೀಟು ಹೋಯಿತು, ಅದರ ಜಾಗಕ್ಕೆ 90 ಮಿಲಿಯ ಟೆಟ್ರಾ ಪ್ಯಾಕು ಬಂತು. ಅದನ್ನು ಕೊಳ್ಳಲಾಗದ ಕೂಲಿಯವರು ಕಳ್ಳಬಟ್ಟಿಗೆ ಇಳಿದರು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ನೂರಕ್ಕೂ ಮಿಕ್ಕಿದ ಜನ ವಿಷದ ಹೆಂಡ ಕುಡಿದು ಸತ್ತರು. ಹೆಣಗಳ ಮುಂದೆ ಎದೆ ಬಡಿದುಕೊಂಡವರು ಯಾರು? ಬಿಹಾರದಲ್ಲಿ 2016ರಲ್ಲಿ ಹೆಂಗಸರ ಒತ್ತಾಯದಿಂದಲೇ ಪೂರ್ಣ ಪಾನನಿಷೇಧ ಬಂತು. 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಡಜನ್‌ಗಟ್ಟಲೆ ಜನ ಸತ್ತರು. ನಿಷೇಧವಿಲ್ಲದ ತಮಿಳುನಾಡಿನ ಕಳ್ಳಕುರಿಚ್ಚಿಯಲ್ಲಿ 2024ರ ಜೂನ್‌ನಲ್ಲಿ 60ಕ್ಕೂ ಹೆಚ್ಚು ಮಂದಿ ಸತ್ತರು. ಅಂದರೆ ಕಾನೂನು ಇದ್ದ ಕಡೆಯೂ ಇಲ್ಲದ ಕಡೆಯೂ, ಅಗ್ಗದ್ದನ್ನು ಹುಡುಕುವ ಬಡವನೇ ಸಾಯುತ್ತಾನೆ.

ಜಾತ್ರೆಯ ದಿನ ಮದ್ಯದಂಗಡಿ ಮುಚ್ಚಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಅದನ್ನು ಕೇಳೋಣ, ಕೇಳಲೇಬೇಕು. ಆದರೆ ಹಿಂದಿನ ದಿನವೇ ಕೊಂಡು ಬಣವೆಯಲ್ಲಿ ಮಡಗಿದ ಪ್ಯಾಕೆಟ್ಟಿಗೆ ಆ ಆದೇಶ ಏನು ಮಾಡೀತು? ಆ ರಾತ್ರಿ ಕುಡಿಯುವವನು ಕುಡಿದೇ ಕುಡಿಯುತ್ತಾನೆ. ಆಗ ಅವನ ಜೀವಕ್ಕೆ, ಅದಕ್ಕಿಂತ ಮೊದಲು ಅವನ ಮನೆಯವಳ ಮೈಗೆ, ಏನು ರಕ್ಷಣೆ ಎಂಬುದು ಈ ಬರಹದ ಪ್ರಶ್ನೆ.

ಹೊರಗಿನ ಲೋಕದಲ್ಲಿ ಇದಕ್ಕೆ ಒಂದು ದಾರಿ ಹುಡುಕಿದ್ದಾರೆ. ಹಾನಿ ತಗ್ಗಿಸುವುದು ಎಂದು ಅದನ್ನು ಕರೆಯಬಹುದು. ಚಟ ಬಿಡಿಸುವುದು ಒಂದು ಕೆಲಸ, ಚಟ ಇರುವಾಗಲೇ ಸಾವನ್ನು ತಪ್ಪಿಸುವುದು ಇನ್ನೊಂದು ಕೆಲಸ. ಮೊದಲನೆಯದು ಆಗುವವರೆಗೆ ಎರಡನೆಯದನ್ನು ನಿಲ್ಲಿಸಬಾರದು ಎಂಬುದು ಅದರ ತಿರುಳು. ನೆದರ್‌ಲ್ಯಾಂಡಿನಲ್ಲಿ 1990ರ ದಶಕದಿಂದ ಹುಡುಗರು ಸಂತೆ-ಸಂಗೀತೋತ್ಸವಗಳಿಗೆ ಒಯ್ಯುವ ಮಾತ್ರೆಯಲ್ಲಿ ವಿಷವಿದೆಯೇ ಎಂದು ಸರ್ಕಾರದ ನೆರವಿನಿಂದಲೇ ಪರೀಕ್ಷಿಸುತ್ತಾರೆ. ಅಷ್ಟು ದೂರ ಬೇಡ, ನಮ್ಮದೇ ಮಣಿಪುರ 1996ರಲ್ಲಿಯೇ ಈ ದಾರಿಯನ್ನು ತನ್ನ ಏಡ್ಸ್ ನೀತಿಯಲ್ಲಿ ಒಪ್ಪಿಕೊಂಡಿತು. ಅದೇ ಮಣಿಪುರದಲ್ಲಿ 1970ರ ದಶಕದಿಂದಲೇ ಹೆಂಗಸರು ಪಂಜು ಹಿಡಿದು, ರಾತ್ರಿ ಹೊತ್ತು ಕುಡುಕರ ಹಾವಳಿಯ ವಿರುದ್ಧ ಬೀದಿ ಕಾಯುತ್ತಿದ್ದರು. ಮೈರಾ ಪೈಬಿ ಎಂದರೆ ಪಂಜು ಹಿಡಿದವರು. ಎರಡೂ ಕೆಲಸ ಒಂದೇ ನಾಡಿನಲ್ಲಿ ನಡೆದಿವೆ ಎಂಬುದನ್ನು ಗಮನಿಸಿ.

ನಮ್ಮಲ್ಲೂ ಇದರ ಬೇರು ಇದೆ. ಅರವಟ್ಟಿಗೆ ಎಂದರೆ ಇನ್ನೇನು? ಬಿಸಿಲಲ್ಲಿ ಬೆಟ್ಟ ಹತ್ತಿ ಬರುವವನ ಕುಲ ಯಾವುದು, ಭಕ್ತನೋ ಪೋಕರಿಯೋ ಎಂದು ಕೇಳಿ ಯಾರೂ ನೀರುಮಜ್ಜಿಗೆ ಕೊಡುವುದಿಲ್ಲ.

ಈ ಮಾತನ್ನು ಸಂಘದ ಸಭೆಯಲ್ಲಿ ಎತ್ತಿದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು. "ಕುಡ್ದು ಸತ್ರೆ ಸಾಯ್ಲಿ ಬುಡಕ್ಕ, ಪೀಡೆ ತೊಲಗ್ತದೆ" ಎಂದು ಒಬ್ಬಳಾದರೂ ಹೇಳುತ್ತಾಳೆ. ಬೆನ್ನಿನ ಮೇಲೆ ಬಾಸುಂಡೆ ಇರುವವಳು ಹಾಗೆ ಹೇಳಿದರೆ ಅವಳಿಗೆ ಬುದ್ಧಿ ಹೇಳಲು ನಾವ್ಯಾರು? ಆದರೆ ಜಾತ್ರೆಯಲ್ಲಿ ಸಾಯುವವರು ಯಾವಾಗಲೂ ಆ ಪೀಡೆಗಳೇ ಆಗಿರುವುದಿಲ್ಲ. ಮೊದಲ ಸಲ ಕುಡಿದ ಹದಿನೆಂಟರ ಹುಡುಗನಿಗೆ ಎಷ್ಟರಲ್ಲಿ ನಿಲ್ಲಿಸಬೇಕೆಂಬ ಅಂದಾಜೇ ಇರುವುದಿಲ್ಲ. ಇನ್ನು ಗಂಡ ಸತ್ತರೆ ಅವನು ಮಾಡಿದ ಕೈಸಾಲ, ಸಂಘದ ಕಂತು, ಪಹಣಿಯ ತಕರಾರು, ಮೈದುನರ ಕಾಟ, ಮುಂಡೆ ಎಂಬ ಮಾತು ಎಲ್ಲವೂ ಯಾರ ತಲೆಗೆ ಬರುತ್ತವೆ? ಹೊಡೆಯುವವನು ಸಾಯುವುದು ಹೊಡೆತಕ್ಕೆ ಪರಿಹಾರವಲ್ಲ, ಹೊಡೆತ ನಿಲ್ಲುವುದು ಪರಿಹಾರ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. "ವರ್ಷವೆಲ್ಲ ಅವರ ಚಾಕರಿ ಮಾಡಿದ್ದು ಸಾಲದೆ ಜಾತ್ರೆಯಲ್ಲೂ ಅವರ ವಾಂತಿ ಬಳಿಯಬೇಕೇ?" ಬೇಡ. ಖಂಡಿತ ಬೇಡ. ನಾನು ಹೇಳುತ್ತಿರುವುದು ಹೆಂಗಸರು ಕುಡುಕರ ದಾದಿಯರಾಗಬೇಕು ಎಂದಲ್ಲ. ತಿಳಿವಳಿಕೆ ನಮ್ಮಲ್ಲಿರಬೇಕು, ಒತ್ತಾಯ ನಮ್ಮದಾಗಿರಬೇಕು. ಮೈಬಗ್ಗಿಸುವ ಕೆಲಸ ಪಂಚಾಯಿತಿಯದು, ಜಾತ್ರಾ ಸಮಿತಿಯದು, ಆರೋಗ್ಯ ಇಲಾಖೆಯದು ಮತ್ತು ಊರಿನ ಯುವಕ ಸಂಘದ್ದು.

ಈಗ ತಿಳಿವಳಿಕೆಯ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಹಬ್ಬದ ಸಾವುಗಳಲ್ಲಿ ಹೆಚ್ಚಿನವು ಸುತ್ತಲಿದ್ದವರಿಗೆ ಗೊತ್ತಿಲ್ಲದೆ ಆಗುವ ಸಾವುಗಳು.

ಕುಡಿದದ್ದನ್ನು ಇಳಿಸುತ್ತವೆ ಎಂದು ನಾವು ನಂಬಿರುವ ಮಜ್ಜಿಗೆ, ನಿಂಬೆರಸ, ಕಾಫಿ, ತಲೆಯ ಮೇಲೆ ತಣ್ಣೀರು, ಇವು ಯಾವುವೂ ಇಳಿಸುವುದಿಲ್ಲ. ಮೊದಲೇ ಊಟ ಮಾಡಿ, ನಡುನಡುವೆ ನೀರು ಕುಡಿದರೆ ಏರುವುದು ನಿಧಾನವಾಗುತ್ತದೆ, ಅಷ್ಟೇ. ರಕ್ತಕ್ಕೆ ಸೇರಿದ ಮೇಲೆ ಇಳಿಸುವುದು ಪಿತ್ತಜನಕಾಂಗ ಒಂದೇ. ಅದು ಸುಮಾರಾಗಿ ಗಂಟೆಗೆ 30 ಮಿಲಿಯಷ್ಟು ವಿಸ್ಕಿ ಬ್ರಾಂದಿಯನ್ನು ಮಾತ್ರ ಕರಗಿಸಬಲ್ಲದು. ಲೆಕ್ಕ ಹಾಕಿ: 180 ಮಿಲಿಯ ಕ್ವಾಟ್ರು ಕರಗಲು ಆರು ಗಂಟೆಯಾದರೂ ಬೇಕು. ರಾತ್ರಿ ಹತ್ತಕ್ಕೆ ಕುಡಿದವನು ಕೋಳಿ ಕೂಗುವ ಮುಂಚೆ ಬೈಕಿಗಾಗಲಿ ಟ್ರ್ಯಾಕ್ಟರಿಗಾಗಲಿ ಕೈ ಹಾಕಬಾರದು. "ನಿದ್ದೆ ಮಾಡಿ ಎದ್ದಿದ್ದೀನಿ, ಏನೂ ಆಗಲ್ಲ" ಎನ್ನುವವನ ಟ್ರೈಲರಿನಲ್ಲಿ ಹೆಂಗಸರು ಮಕ್ಕಳು ಕೂತಿರುತ್ತಾರೆ. ನಮ್ಮ ರಸ್ತೆಗಳ ಪಕ್ಕದಲ್ಲಿಯೇ ವಿಶ್ವೇಶ್ವರಯ್ಯ ನಾಲೆ ಇದೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತದ್ದನ್ನು ಈ ಸೀಮೆ ಮರೆತಿಲ್ಲ. ಅದಕ್ಕೂ ಕುಡಿತಕ್ಕೂ ಸಂಬಂಧ ಕಟ್ಟುತ್ತಿಲ್ಲ. ಹಗಲು ಹೊತ್ತಿನಲ್ಲೇ ನಾಲೆ ಅಷ್ಟು ಜನರನ್ನು ತೆಗೆದುಕೊಂಡಿತು, ರಾತ್ರಿ, ಮತ್ತಿನಲ್ಲಿ, ಆ ದಂಡೆಯ ಮೇಲೆ ಗಾಡಿ ಓಡಿಸುವುದು ಎಂದರೇನು ಎಂದು ಕೇಳುತ್ತಿದ್ದೇನೆ.

ನೀರಿನದೂ ಅದೇ ಕತೆ. ಕರಿಘಟ್ಟದ ತಪ್ಪಲಲ್ಲಿ ಲೋಕಪಾವನಿ ಹರಿಯುತ್ತದೆ, ಸ್ವಲ್ಪ ಮುಂದೆ ಕಾವೇರಿಯನ್ನು ಸೇರುತ್ತದೆ. ಜಾತ್ರೆ ನಡೆಯುವುದು ಫೆಬ್ರವರಿ-ಮಾರ್ಚಿನ ಬಿಸಿಲಿನಲ್ಲಿ. ಕುಡಿದವನಿಗೆ ಮೈ ಬಿಸಿಯಾಗಿ ನೀರು ಕರೆಯುತ್ತದೆ. ಆಳದ ಅಂದಾಜು ತಪ್ಪುತ್ತದೆ, ಈಜು ಬಲ್ಲವನ ಕೈಕಾಲೂ ಮಾತು ಕೇಳುವುದಿಲ್ಲ.

ಕುಡಿದು ಬಿದ್ದವನನ್ನು "ಮಲಗಲಿ ಬಿಡಿ, ಬೆಳಿಗ್ಗೆ ಎದ್ದೇಳ್ತಾನೆ" ಎಂದು ಅಂಗಾತ ಮಲಗಿಸಿ ಬರುವುದೇ ಎಷ್ಟೋ ಸಾವಿಗೆ ಕಾರಣ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಉಸಿರಿನ ಕೊಳವೆಗೆ ಇಳಿದು ಅಲ್ಲೇ ಮುಗಿಯುತ್ತದೆ. ಅವನನ್ನು ಮಗ್ಗುಲಿಗೆ ಮಲಗಿಸಬೇಕು, ಮೇಲಿನ ಮೊಣಕಾಲು ಮಡಿಸಿ ಮುಂದಕ್ಕೆ ಇಡಬೇಕು, ಬಾಯಿ ನೆಲದ ಕಡೆಗೆ ಬಾಗಿರಬೇಕು. ಒಬ್ಬರು ಪಕ್ಕದಲ್ಲಿ ಕೂತಿರಬೇಕು. ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ಒಂದು ಉಸಿರಿಗೂ ಇನ್ನೊಂದಕ್ಕೂ ಹತ್ತು ಎಣಿಸುವಷ್ಟು ಬಿಡುವು ಬಂದರೆ, ತುಟಿ ಉಗುರು ನೀಲಿಯಾಗಿ ಮೈ ತಣ್ಣಗಾದರೆ ಅದು ನಿದ್ದೆಯಲ್ಲ. ಆಗ 108ಕ್ಕೆ ಫೋನು ಮಾಡಬೇಕು. ದೊಡ್ಡ ಗೊರಕೆಯನ್ನು ಗಾಢ ನಿದ್ದೆ ಎಂದು ತಿಳಿಯಬೇಡಿ, ಉಸಿರಿನ ದಾರಿ ಕಟ್ಟಿಕೊಳ್ಳುತ್ತಿರುವ ಸದ್ದೂ ಹಾಗೇ ಇರುತ್ತದೆ. ಕುಡಿದ ಮೇಲೆ ನಿದ್ದೆ ಮಾತ್ರೆಯೋ ನೋವಿನ ಮಾತ್ರೆಯೋ ನುಂಗಿದ್ದರಂತೂ ಉಸಿರು ಇನ್ನೂ ಬೇಗ ನಿಲ್ಲುತ್ತದೆ.

ಕಳ್ಳಭಟ್ಟಿಯ ವಿಷ ಬೇರೆ ಥರ. ಅದರಲ್ಲಿ ಮೆಥನಾಲ್ ಸೇರಿದ್ದರೆ ಕುಡಿದ ರಾತ್ರಿ ಏನೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ 12ರಿಂದ 24 ಗಂಟೆ, ಕೆಲವೊಮ್ಮೆ ಇನ್ನೂ ತಡವಾಗಿ, ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣಿಗೆ ಮಂಜು ಕವಿದಂತೆ ಆಗುವುದು ಶುರುವಾಗುತ್ತದೆ. "ನಿನ್ನೆ ಕುಡಿದದ್ದು ಇನ್ನೂ ಇಳಿದಿಲ್ಲ" ಎಂದು ಮನೆಯಲ್ಲಿಟ್ಟುಕೊಂಡರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. ಹೊತ್ತಿಗೆ ಸರಿಯಾಗಿ ಹೋದರೆ ಇದಕ್ಕೆ ಮದ್ದು ಇದೆ, ಡಯಾಲಿಸಿಸ್ ಇದೆ, ದೊಡ್ಡಾಸ್ಪತ್ರೆಗೇ ಹೋಗಬೇಕು. ಒಬ್ಬನಿಗೆ ಹೀಗಾದರೆ ಅವನ ಜೊತೆ ಕುಡಿದ ಎಲ್ಲರನ್ನೂ, ಚೆನ್ನಾಗಿ ಓಡಾಡುತ್ತಿದ್ದರೂ, ಕರೆದೊಯ್ಯಬೇಕು. ಉಳಿದ ಬಾಟಲಿಯನ್ನು ಚೆಲ್ಲದೆ ಜೊತೆಗೆ ತೆಗೆದುಕೊಂಡು ಹೋಗಿ.

ಗಾಂಜಾ ಸೇದಿದರೆ ಮತ್ತು ತಕ್ಷಣ ಗೊತ್ತಾಗುತ್ತದೆ. ಲೇಹ್ಯ, ಉಂಡೆ, ಭಂಗಿಯ ರೂಪದಲ್ಲಿ ತಿಂದರೆ ಒಂದೆರಡು ಗಂಟೆ ತಡ. ಏನೂ ಆಗಲಿಲ್ಲವೆಂದು ಇನ್ನಷ್ಟು ತಿಂದ ಹುಡುಗ ಆಮೇಲೆ ಎದೆ ಡವಗುಟ್ಟಿ, ಸಾಯುತ್ತೇನೆಂದು ಅರಚಾಡುತ್ತಾನೆ. ಬೈಯದೆ, ಗುಂಪು ಸೇರದೆ, ತಂಪಾದ ಕಡೆ ಕೂರಿಸಿ ಮಾತಾಡಿಸಿದರೆ ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ. ಎದೆನೋವು, ಫಿಟ್ಸು, ಎಚ್ಚರ ತಪ್ಪುವುದು, ಮೈ ಕೆಂಡದಂತೆ ಸುಡುವುದು ಇದ್ದರೆ ಅದು ಬೇರೇನೋ ಪುಡಿಯೋ ಮಾತ್ರೆಯೋ ಇರಬಹುದು, ತಡಮಾಡಬಾರದು. ಪೊಲೀಸ್ ಕೇಸಾಗುತ್ತದೆ ಎಂದು ಜೊತೆಯ ಹುಡುಗರು ಓಡಿಹೋಗುತ್ತಾರೆ. ಅವರಿಗೆ ಮೊದಲೇ ಹೇಳಿಡಿ: ತುರ್ತಿನಲ್ಲಿ ಯಾವ ವೈದ್ಯರೂ ಪೊಲೀಸರಿಗೆ ಕಾಯದೆ ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಹೇಳಿದೆ. ಏನು ತಿಂದ, ಎಷ್ಟು ಹೊತ್ತಾಯಿತು ಎಂಬ ನಿಜವನ್ನು ಡಾಕ್ಟರಿಗೆ ಹೇಳುವುದು ಅವನನ್ನು ಸಿಕ್ಕಿಸಿದಂತಲ್ಲ.

ಹರಕೆಯ ವಿಷಯವನ್ನೂ ಇಲ್ಲೇ ಹೇಳಬೇಕು. ಹಬ್ಬ ಹತ್ತಿರ ಬಂದಾಗ ಮಾಲೆ ಹಾಕಿಯೋ ದೇವರ ಮುಂದೆ ಆಣೆ ಇಟ್ಟೋ ಒಮ್ಮೆಲೇ ಕುಡಿತ ಬಿಡುವವರಿದ್ದಾರೆ. ನಮಗೆ ಸಂತೋಷವೇ. ಆದರೆ ಹತ್ತಾರು ವರ್ಷ ದಿನಾ ಬೆಳಿಗ್ಗೆಯಿಂದ ಕುಡಿದ ದೇಹ ಹಾಗೆ ದಿಢೀರನೆ ಬಿಟ್ಟರೆ ತಿರುಗಿ ಬೀಳುತ್ತದೆ. ಒಂದೆರಡು ದಿನದಲ್ಲಿ ಕೈನಡುಕ, ಬೆವರು, ಫಿಟ್ಸು. ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು. ದೇವರು ಮೈಮೇಲೆ ಬಂತು ಎಂದೋ ಗಾಳಿ ಸೋಕಿತು ಎಂದೋ ತಾಯತ ಕಟ್ಟಿಸುತ್ತೇವೆ. ಇದು ಜೀವ ತೆಗೆಯುವ ಸ್ಥಿತಿ, ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸಬೇಕು. ಚಟ ಬಿಡಲು ಸಲಹೆಗೆ 14446, ಮನಸ್ಸಿನ ತೊಳಲಾಟಕ್ಕೆ 14416. ಎರಡೂ ಸರ್ಕಾರದ ದೂರವಾಣಿಗಳು, ದುಡ್ಡು ಬೇಡ.

ಇಷ್ಟೆಲ್ಲ ಗಂಡಸರ ಜೀವದ ಮಾತಾಯಿತು. ನಮ್ಮ ಪತ್ರಿಕೆ ಓದುವವರು "ನಮ್ಮ ಮಾತೆಲ್ಲಿ?" ಎಂದು ಕೇಳುವ ಹೊತ್ತಾಗಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೇಳಿದಾಗ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದ್ದೇವೆ ಎಂದರು. ದೇಶದ ಬೇರೆ ಯಾವ ರಾಜ್ಯದಲ್ಲೂ ಆ ಸಂಖ್ಯೆ ಇಷ್ಟಿರಲಿಲ್ಲ. ಅದೇ ಸಮೀಕ್ಷೆಯ ಇಡೀ ದೇಶದ ಲೆಕ್ಕದಲ್ಲಿ, ಪದೇ ಪದೇ ಕುಡಿದು ಬರುವ ಗಂಡಂದಿರ ಹೆಂಡಿರಲ್ಲಿ ನೂರಕ್ಕೆ 70 ಮಂದಿ ಪೆಟ್ಟು ತಿಂದಿದ್ದಾರೆ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಇನ್ನೊಂದು ಸಂಖ್ಯೆಯನ್ನೂ ಓದಿ: ಹನಿಯೂ ಮುಟ್ಟದ ಗಂಡಂದಿರ ಹೆಂಡಿರಲ್ಲೂ ನೂರಕ್ಕೆ 23 ಮಂದಿ. ಕುಡಿದಾಗ ಪೊಲೀಸಪ್ಪನ ಮೇಲೆ, ಸಾಹುಕಾರನ ಮೇಲೆ, ತನಗಿಂತ ಬಲಶಾಲಿಯ ಮೇಲೆ ಕೈ ಎತ್ತದವನು ಹೆಂಡತಿಯ ಮೇಲೆ ಮಾತ್ರ ಎತ್ತುತ್ತಾನೆ. ಅಷ್ಟು ಎಚ್ಚರ ಅವನಿಗೆ ಇದ್ದೇ ಇರುತ್ತದೆ. "ಎಣ್ಣೆ ಮಾಡಿಸ್ತು" ಎಂಬ ಸಬೂಬನ್ನು ಪಂಚಾಯಿತಿ ಕಟ್ಟೆ ಒಪ್ಪಿಕೊಳ್ಳುವುದನ್ನು ನಿಲ್ಲಿಸಬೇಕು. ಕುಡಿದು ಬಿದ್ದವನ ಜೀವ ಉಳಿಸಿದ ಸಂಘವೇ ಮಾರನೆಯ ದಿನ ಅವನ ವಿರುದ್ಧ ದೂರು ಕೊಡಿಸಲೂಬಹುದು, ಎರಡಕ್ಕೂ ವಿರೋಧವಿಲ್ಲ.

ಆದ್ದರಿಂದ ಜಾತ್ರೆಯ ರಾತ್ರಿಯ ತಯಾರಿ ಮನೆಯಿಂದಲೇ ಶುರುವಾಗಬೇಕು. ಪ್ರತಿ ಸಂಘವೂ ಊರಲ್ಲಿ ಎರಡು ಮನೆಗಳನ್ನು ಗೊತ್ತು ಮಾಡಲಿ, ಎಷ್ಟು ಹೊತ್ತಿನಲ್ಲಿ ಬಂದು ಬಾಗಿಲು ತಟ್ಟಿದರೂ ಮಕ್ಕಳ ಸಮೇತ ಒಳಗೆ ಕರೆದುಕೊಳ್ಳುವ ಮನೆಗಳು. ಒಂಟಿ ಮನೆ ಬೇಡ, ಅಕ್ಕಪಕ್ಕ ಜನವಿರುವ ಮನೆ. ಪಡಿತರ ಚೀಟಿ, ಆಧಾರ್, ಪಾಸ್‌ಬುಕ್, ಒಡವೆ, ಒಂದು ಜೊತೆ ಬಟ್ಟೆ ಇರುವ ಚೀಲವನ್ನು ಮೊದಲೇ ಅಲ್ಲಿ ಇಟ್ಟುಬಿಡಿ. ಗೃಹಲಕ್ಷ್ಮಿ ಹಣ ಬಂದ ಕೂಡಲೇ ಕಸಿದುಕೊಳ್ಳುವ ಮನೆಯಾದರೆ ಜಾತ್ರೆಗೆ ಮುಂಚೆಯೇ ಅದನ್ನು ಸಂಘದ ಉಳಿತಾಯಕ್ಕೆ ಕಟ್ಟಿಬಿಡಿ. ಕುಡುಗೋಲು, ಮಚ್ಚು ಕೈಗೆ ಸಿಗುವ ಕಡೆ ಇರಬಾರದು. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಬೀಗ ಹಾಕಿಡಿ. ಜಗಳದ ರಾತ್ರಿ ಅದಕ್ಕೆ ಕೈ ಹಾಕುವುದು ಅವನೂ ಆಗಿರಬಹುದು, ಬೇಸತ್ತ ನೀವೂ ಆಗಿರಬಹುದು. ಕುಡಿದು ಬಂದಾಗ ಲೆಕ್ಕ ಕೇಳಬೇಡಿ, ವಾದ ಬೆಳಗ್ಗೆಗಿರಲಿ. ಇದು ತಗ್ಗಿ ನಡೆಯಿರಿ ಎಂಬ ಹಳೆಯ ಬುದ್ಧಿಮಾತಲ್ಲ, ಆ ಎರಡು ಗಂಟೆ ಮೈ ಉಳಿಸಿಕೊಳ್ಳುವ ಉಪಾಯ. ಅಡುಗೆಮನೆಯಲ್ಲಿ ನಿಲ್ಲಬೇಡಿ, ಬಾಗಿಲ ಹತ್ತಿರ ಇರಿ. ಪೊಲೀಸರಿಗೆ 112, ಹೆಂಗಸರ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಪ್ರಕಾರ ಗಂಡನ ಮನೆಯಲ್ಲಿ ಇರುವ ಹಕ್ಕು ನಿಮ್ಮದು. ಹೊಡೆಯುವವನನ್ನೇ ಹೊರಗಿಡುವ ಆದೇಶವನ್ನೂ ಮ್ಯಾಜಿಸ್ಟ್ರೇಟರು ಮಾಡಬಹುದು. ಮೊದಲೆಲ್ಲ 498ಎ ಎನ್ನುತ್ತಿದ್ದ ಅಪರಾಧ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು.

ಹೆಣ್ಣುಮಕ್ಕಳೂ ಕುಡಿಯುತ್ತಾರೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗದ್ದೆ ಕೆಲಸದ ಹಿರಿಯ ಹೆಂಗಸರು ಕುಡಿಯುತ್ತಿದ್ದುದು ಹೊಸದೇನಲ್ಲ, ಈಗ ಓದುವ ಹುಡುಗಿಯರೂ ಗೆಳೆಯರ ಜೊತೆ ರುಚಿ ನೋಡುತ್ತಾರೆ. ತಂಪು ಪಾನೀಯದಲ್ಲಿ ಬೆರೆಸಿ ಕೊಡುವವರೂ ಇದ್ದಾರೆ. ಮಗಳಿಗೆ "ಜಾತ್ರೆಗೆ ಹೋಗಬೇಡ" ಎನ್ನುವ ಬದಲು ಮುಚ್ಚಳ ತೆಗೆದ ಬಾಟಲಿಯಿಂದ ಕುಡಿಯಬೇಡ, ಹೋದವರು ಒಟ್ಟಿಗೇ ಬನ್ನಿ, ಏನೇ ಆದರೂ ಮೊದಲು ನನಗೆ ಫೋನು ಮಾಡು, ಆಗ ಬೈಯುವುದಿಲ್ಲ ಎಂದು ಹೇಳಿ. ಮತ್ತಿನಲ್ಲಿರುವ ಹೆಣ್ಣು ಒಪ್ಪಿದಳು ಎಂಬುದು ಕಾನೂನಿನ ಕಣ್ಣಲ್ಲಿ ಒಪ್ಪಿಗೆಯೇ ಅಲ್ಲ. ಅವಳು ತಾನಾಗಿ ಕುಡಿದಿದ್ದರೂ ಸರಿಯೆ.

ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನಿನಿಂದ, ಹೆಂಗಸರು ಗಂಡಸರ ಗಾಡಿಗೆ ಕಾಯದೆ ಬಸ್ಸಿನಲ್ಲಿ ಜಾತ್ರೆಗೆ ಬರುವುದು ಹೆಚ್ಚಾಗಿದೆ. ಆದರೆ ಕೊನೆಯ ಬಸ್ಸು ಹೋದ ಮೇಲೆ ಮತ್ತೆ ಕುಡಿದವನ ಬೈಕಿನ ಹಿಂದೆ ಕೂರಬೇಕು. ತೇರಿನ ದಿನ ರಾತ್ರಿ ಹನ್ನೊಂದರವರೆಗೂ ಶ್ರೀರಂಗಪಟ್ಟಣ, ಪಾಂಡವಪುರದ ಕಡೆಗೆ ಬಸ್ಸು ಬಿಡಿ ಎಂದು ಡಿಪೊಗೆ ಅರ್ಜಿ ಕೊಡುವುದು, ನನ್ನ ಅಭಿಪ್ರಾಯದಲ್ಲಿ, ಹತ್ತು ಭಾಷಣಕ್ಕಿಂತ ಹೆಚ್ಚಿನ ಕೆಲಸ.

ಉಳಿದ ಬೇಡಿಕೆಗಳನ್ನು ತಹಸೀಲ್ದಾರರಿಗೆ, ಗ್ರಾಮ ಪಂಚಾಯಿತಿಗೆ ಮತ್ತು ಜಾತ್ರಾ ಸಮಿತಿಗೆ ಒಂದು ತಿಂಗಳು ಮುಂಚೆ ಬರೆದು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ಬೆಟ್ಟದ ಮೆಟ್ಟಿಲಿಗೂ ಹೊಳೆಯ ದಾರಿಗೂ ದೀಪ. ನೀರಿನ ಕಡೆ ತಡೆ, ಜೊತೆಗೆ ಈಜು ಬಲ್ಲ ಇಬ್ಬರು. ತಪ್ಪಲಲ್ಲಿ ಆಂಬುಲೆನ್ಸು, ಕುಡಿದು ಬಿದ್ದವರನ್ನು ಮಗ್ಗುಲಿಗೆ ಮಲಗಿಸಿ ನೋಡಿಕೊಳ್ಳುವ ಒಂದು ಚಪ್ಪರ, ಅದಕ್ಕೆ ಒಬ್ಬ ಆರೋಗ್ಯ ಕಾರ್ಯಕರ್ತರು. ಹೆಂಗಸರಿಗೆ ಮಕ್ಕಳಿಗೆ ಬೇರೆಯೇ ಚಪ್ಪರ, ಅಲ್ಲಿ ಮಹಿಳಾ ಪೊಲೀಸರು. ಈ ಚಪ್ಪರಗಳ ಖರ್ಚು ಎಲ್ಲಿಂದ ಎಂದು ಅವರು ಕೇಳುತ್ತಾರೆ. ತೇರಿನ ಹೂವಿಗೆ, ಮೈಕಿಗೆ, ಪಟಾಕಿಗೆ ಎಲ್ಲಿಂದಲೋ ಅಲ್ಲಿಂದಲೇ. ಮದ್ಯದ ಮೇಲಿನ ಸುಂಕದಲ್ಲಿ ಸರ್ಕಾರ ಕೈತುಂಬ ಗಳಿಸುತ್ತದೆ, ಅದರಿಂದ ಬಂದ ಗಾಯಕ್ಕೆ ಪಟ್ಟಿ ಕಟ್ಟುವಾಗ ಮಾತ್ರ ಬೊಕ್ಕಸ ಬರಿದಾಗುತ್ತದೆ.

ಇನ್ನು ಯುವಕ ಸಂಘದವರು. ಗಣಪತಿ ಕೂರಿಸಲು ವಂತಿಗೆ ಎತ್ತುವ ಈ ಹುಡುಗರು ಕುಡಿಯದ ನಾಲ್ವರನ್ನು ಸರದಿಯಂತೆ ಒಂದು ರಾತ್ರಿಗೆ ಕೊಡಲಿ. ಟ್ರ್ಯಾಕ್ಟರು, ಬೈಕುಗಳ ಬೀಗದ ಕೈ ಇಸಿದುಕೊಂಡು ಒಂದು ಡಬ್ಬಿಯಲ್ಲಿ ಹಾಕಿ, ಬೆಳಿಗ್ಗೆ ಆರರ ಮೇಲೆ ವಾಪಸು ಕೊಡುವುದು ಅವರ ಕೆಲಸ. ವಾಂತಿ ಬಳಿಯುವುದೂ ಅವರದೇ. ಡಬ್ಬಿಯನ್ನು ನಾವು ಕೊಡಿಸೋಣ. ಕೀಲಿ ಕೊಡದವನ ಗಾಡಿಗೆ ನಾವಾಗಲಿ ನಮ್ಮ ಮಕ್ಕಳಾಗಲಿ ಹತ್ತುವುದಿಲ್ಲ ಎಂದು ಈ ತಿಂಗಳ ಸಭೆಯಲ್ಲಿಯೇ ನಡವಳಿ ಪುಸ್ತಕಕ್ಕೆ ಬರೆದು ಎಲ್ಲರೂ ಸಹಿ ಹಾಕೋಣ, ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ.